ಮ್ಯಾಕ್‌ನಲ್ಲಿ 200, ವಿಂಡೋಸ್‌ನಲ್ಲಿ 401: ರಿಕ್ವೆಸ್ಟ್ ಹೆಡರ್ ತೊಂದರೆ ಹುಡುಕುವ ಸಮಗ್ರ ಮಾರ್ಗದರ್ಶಿ

ಕಬ್ಬಿನ ಹಂಗಾಮು ಶುರುವಾಯಿತು ಅಂದರೆ ಬೆಳಗಾವಿಯ ನಮ್ಮ ಸಣ್ಣ ಆಫೀಸಿಗೆ ಮುಧೋಳ, ಜಮಖಂಡಿ ಕಡೆಯಿಂದ ಫೋನ್ ಜಾಸ್ತಿ. ಅಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾ ಪಕ್ಕದ ಕೋಣೆಯಲ್ಲಿ ಒಂದು ವಿಂಡೋಸ್ ಕಂಪ್ಯೂಟರ್ ಇರುತ್ತದೆ. ಗಾಡಿ ಕಾಟಾ ಮೇಲೆ ನಿಂತ ಕೂಡಲೇ ತೂಕ ನಮ್ಮ ಸರ್ವರ್‌ಗೆ ಹೋಗಬೇಕು. ಅಲ್ಲಿನ ಆಪರೇಟರ್ ಫೋನ್ ಮಾಡಿ ಹೇಳುತ್ತಾನೆ: "ಅಣ್ಣಾರ, ಸರ್ವರ್ ಬಂದ್ ಆಗೈತಿ ನೋಡ್ರಿ. 401 ಅಂತ ಬರಾಕತ್ತೈತಿ. ಟ್ರ್ಯಾಕ್ಟರ್ ಸಾಲು ರೋಡಿನ ತನಕ ನಿಂತೈತಿ." ನಾನು ಇಲ್ಲಿ ಮ್ಯಾಕ್‌ನಲ್ಲಿ ಅದೇ ಕೀ, ಅದೇ ವಿಳಾಸ ಹಾಕಿ ನೋಡುತ್ತೇನೆ. 200 ಬರುತ್ತದೆ. 200 ಅಂದರೆ ಎಲ್ಲ ಸರಿ, 401 ಅಂದರೆ ಕಳಿಸಿದವರು ಯಾರು ಅಂತ ಸರ್ವರ್‌ಗೆ ಗೊತ್ತಾಗಲಿಲ್ಲ.

ಇಂಥ ಫೋನ್ ಬಂದಾಗ ಹುಡುಗರು ಮೊದಲು ಮಾಡುವ ಕೆಲಸ ಕೀ ಬದಲಾಯಿಸುವುದು. ಆಮೇಲೆ ಸರ್ವರ್ ರೀಸ್ಟಾರ್ಟ್. ಆಮೇಲೆ ವಿಂಡೋಸ್ ರೀ-ಇನ್‌ಸ್ಟಾಲ್. ಅಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಬಹಳ ಸಲ ತಪ್ಪು ಇರುವುದು ಒಂದೇ ಕಡೆ: ನಾವು ಟೈಪ್ ಮಾಡಿದ ಹೆಡರ್ ಒಂದು, ತಂತಿಯಲ್ಲಿ ಹೋದ ಹೆಡರ್ ಇನ್ನೊಂದು. ಹೆಡರ್ ಅಂದರೆ ಸರ್ವರ್‌ಗೆ ಕಳಿಸುವ ರಿಕ್ವೆಸ್ಟ್‌ನ ತಲೆಯಲ್ಲಿ ಹೋಗುವ ಮಾಹಿತಿಯ ಸಾಲುಗಳು, ಕೀ ಹೋಗುವುದೂ ಅಲ್ಲೇ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಕೋಟ್, ಸಾಲಿನ ಕೊನೆ, ಫೈಲ್ ಉಳಿಸುವ ರೀತಿ, ಗಡಿಯಾರ ಎಲ್ಲವನ್ನೂ ಬೇರೆ ಬೇರೆ ನಡೆಸುತ್ತವೆ. ಹೋದದ್ದು ಏನು ಅಂತ ನೋಡದೆ ಕೈ ಹಾಕಿದರೆ ಸುಮ್ನೆ ಸುತ್ತುತ್ತೀರಿ.

ಕೆಳಗಿನ ಹಂತಗಳ ಕ್ರಮ ಮುಖ್ಯ. ಮೊದಲ ಮೂರನ್ನು ಯಾವತ್ತೂ ಬಿಡಬೇಡಿ. ಉಳಿದವುಗಳಲ್ಲಿ ನಿಮ್ಮ ಲಕ್ಷಣಕ್ಕೆ ಹೊಂದುವುದಕ್ಕೆ ನೇರ ಹೋಗಬಹುದು.

## ಮೊದಲು ಬೇಕಾದ ಸಾಮಾನು

ಟರ್ಮಿನಲ್‌ನಿಂದ ರಿಕ್ವೆಸ್ಟ್ ಕಳಿಸುವ ಕರ್ಲ್ ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಮ್ಯಾಕ್‌ನಲ್ಲಿ ಮೊದಲೇ ಇದೆ. ಲಿನಕ್ಸ್‌ನಲ್ಲಿ ಇಲ್ಲದಿದ್ದರೆ ಹಾಕಿಕೊಳ್ಳಿ. ವಿಂಡೋಸ್ 10ರಲ್ಲಿ 2018ರ 1803 ಆವೃತ್ತಿಯಿಂದ ಜೊತೆಗೇ ಬರುತ್ತದೆ.

ಇಲ್ಲೇ ಮೊದಲ ಗುಂಡಿ ಇದೆ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಬರೀ "ಕರ್ಲ್" ಅಂತ ಹೊಡೆದರೆ ನಿಜವಾದ ಕರ್ಲ್ ಓಡುವುದಿಲ್ಲ. ಅದು ಇನ್ವೋಕ್-ವೆಬ್‌ರಿಕ್ವೆಸ್ಟ್‌ಗೆ ಇಟ್ಟ ಅಡ್ಡಹೆಸರು. ಹೆಡರ್ ಕೊಟ್ಟ ತಕ್ಷಣ "ಕೆನಾಟ್ ಬೈಂಡ್ ಪ್ಯಾರಾಮೀಟರ್ ಹೆಡರ್ಸ್" ಅಂತ ಕೆಂಪು ಅಕ್ಷರದಲ್ಲಿ ಬೈಯುತ್ತದೆ. "ಕರ್ಲ್.ಇಎಕ್ಸ್‌ಇ" ಅಂತ ಪೂರ್ತಿ ಹೆಸರು ಹೊಡೆಯಿರಿ. ಪವರ್‌ಶೆಲ್ 7 ಇದ್ದರೆ ಈ ತೊಂದರೆ ಇಲ್ಲ.

ಇನ್ನೆರಡು ಬೇಕು. ಒಂದು, ಎರಡು ಫೈಲ್ ಪಕ್ಕಪಕ್ಕ ಇಟ್ಟು ವ್ಯತ್ಯಾಸ ತೋರಿಸುವ ಎಡಿಟರ್. ವಿಎಸ್ ಕೋಡ್ ಸಾಕು. ಇನ್ನೊಂದು, ಒಂದು ನೋಟ್‌ಬುಕ್. ಏನು ಬದಲಾಯಿಸಿದಿರಿ, ಏನು ಬಂತು ಅಂತ ಬರೆಯದಿದ್ದರೆ ಒಂದು ಗಂಟೆ ಆದ ಮೇಲೆ ನೀವೇ ಗೊಂದಲಕ್ಕೆ ಬೀಳುತ್ತೀರಿ.

ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

## ಹಂತ 1: ಉತ್ತರದ ನಂಬರ್ ಓದಿ, ಕೊಟ್ಟವರು ಯಾರು ನೋಡಿ

ಎಲ್ಲ ಎರರ್ ಒಂದೇ ಅಲ್ಲ. 401 ಅಂದರೆ ನೀವು ಯಾರು ಅಂತ ಸರ್ವರ್‌ಗೆ ಗೊತ್ತಾಗಲಿಲ್ಲ. ಕೀ ಅಥವಾ ಟೋಕನ್ ಹೊತ್ತ ಆಥರೈಸೇಶನ್ ಹೆಡರ್ ಬರಲೇ ಇಲ್ಲ, ಇಲ್ಲವೇ ಕೆಟ್ಟು ಬಂತು. 403 ಅಂದರೆ ಗೊತ್ತಾದರೂ ಬಿಡಲಿಲ್ಲ. ಕೆಲವು ಫೈರ್‌ವಾಲ್‌ಗಳು ಯೂಸರ್-ಏಜೆಂಟ್ ನೋಡಿಯೇ 403 ಕೊಡುತ್ತವೆ. 415 ಅಂದರೆ ಕಂಟೆಂಟ್-ಟೈಪ್ ತಪ್ಪು. 406 ಅಂದರೆ ಅಕ್ಸೆಪ್ಟ್ ಹೆಡರ್ ಹೊಂದಲಿಲ್ಲ. 431 ಅಂದರೆ ಹೆಡರ್ ತುಂಬಾ ದೊಡ್ಡದು. 400 ಬಂದರೆ ಹೆಡರ್‌ನ ರೂಪವೇ ಕೆಟ್ಟಿರಬಹುದು, ಮೊದಲ ಮೂರು ಹಂತ ಮುಗಿಸಿ ನೇರ ಹಂತ 5ಕ್ಕೆ ಹೋಗಿ.

415ಕ್ಕೆ ಕಾರಣ ಬಹಳ ಸಲ ಒಂದೇ. ಕರ್ಲ್‌ಗೆ -ಡಿ ಹಾಕಿ ಜೇಸನ್ (ಮಾಹಿತಿ ಬರೆಯುವ ಒಂದು ರೂಪ) ಕೊಟ್ಟರೆ ಅದು ತಾನಾಗಿ ಫಾರ್ಮ್‌ನ ಕಂಟೆಂಟ್-ಟೈಪ್ ಅಂಟಿಸುತ್ತದೆ. ಪೋಸ್ಟ್‌ಮ್ಯಾನ್‌ನಲ್ಲಿ (ರಿಕ್ವೆಸ್ಟ್ ಕಳಿಸಿ ನೋಡುವ ಆ್ಯಪ್) ಜೇಸನ್ ಅಂತ ಆರಿಸಿದರೆ ಅದು ಸರಿಯಾದದ್ದನ್ನು ಹಾಕುತ್ತದೆ. "ಪೋಸ್ಟ್‌ಮ್ಯಾನ್‌ನಲ್ಲಿ ಬರುತ್ತೆ, ಕರ್ಲ್‌ನಲ್ಲಿ ಬರಲ್ಲ" ಅನ್ನುವ ಅರ್ಧ ದೂರು ಇದೇ.

ಆಮೇಲೆ ಉತ್ತರದ ಹೆಡರ್‌ಗಳಲ್ಲಿ "ಸರ್ವರ್" ಅನ್ನುವ ಸಾಲು ನೋಡಿ. ನಿಮ್ಮ ಆ್ಯಪ್ ಜೇಸನ್ ಕೊಡಬೇಕಿತ್ತು, ಬಂದದ್ದು ಎಚ್‌ಟಿಎಂಎಲ್ ಪುಟ ಅಂದರೆ ಉತ್ತರ ಕೊಟ್ಟಿದ್ದು ಆ್ಯಪ್ ಮುಂದೆ ಕೂತ ವೆಬ್ ಸರ್ವರ್ ಎಂಜಿನ್‌ಎಕ್ಸ್ ಇರಬಹುದು, ಆಫೀಸಿನ ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಇರಬಹುದು. ರಿಕ್ವೆಸ್ಟ್ ಆ್ಯಪ್ ತನಕ ಮುಟ್ಟೇ ಇಲ್ಲ. ಆಗ ಆ್ಯಪ್‌ನ ಕೋಡ್ ತಿದ್ದುತ್ತಾ ಕೂತರೆ ಏನೂ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಹೆಡರ್ ನೋಡಲು ಕರ್ಲ್‌ಗೆ ದೊಡ್ಡ ಐ ಹಾಕಬೇಡಿ. ಅದು ಗೆಟ್ ಬದಲು ಹೆಡ್ ರಿಕ್ವೆಸ್ಟ್ ಕಳಿಸುತ್ತದೆ. ಕೆಲವು ಸರ್ವಿಸ್‌ಗಳು ಹೆಡ್‌ಗೆ 405 ಕೊಟ್ಟು ನಿಮ್ಮನ್ನು ಬೇರೆ ದಾರಿಗೆ ಹಚ್ಚುತ್ತವೆ. ಸಣ್ಣ ಐ ಹಾಕಿ.

## ಹಂತ 2: ಹೋದದ್ದನ್ನು ಹಿಡಿಯಿರಿ

ಕರ್ಲ್‌ಗೆ -ವಿ ಹಾಕಿದರೆ ">" ಗುರುತಿನ ಸಾಲುಗಳು ನೀವು ಕಳಿಸಿದ್ದು, "<" ಗುರುತಿನವು ಬಂದದ್ದು. ಇದು ಎಲ್ಲರಿಗೂ ಗೊತ್ತು. ಆದರೆ -ವಿ ಕಾಣದ ಅಕ್ಷರಗಳನ್ನು ತೋರಿಸುವುದಿಲ್ಲ. ಅದಕ್ಕೆ --ಟ್ರೇಸ್ ಬೇಕು. --ಟ್ರೇಸ್ ಪಕ್ಕ ಒಂದು ಫೈಲ್ ಹೆಸರು ಕೊಡಿ. ಹೋದ ಒಂದೊಂದು ಬೈಟೂ ಹೆಕ್ಸ್‌ನಲ್ಲಿ ಆ ಫೈಲ್‌ಗೆ ಬರುತ್ತದೆ. ಪ್ರತಿ ಹೆಡರ್ ಸಾಲಿನ ಕೊನೆಯಲ್ಲಿ ಸಾಲು ಮುಗಿಯುವ ಗುರುತಾದ "0ಡಿ 0ಎ" ಒಂದು ಸಲ ಇರಬೇಕು. "0ಡಿ 0ಡಿ 0ಎ" ಕಂಡರೆ ಹಂತ 5ರ ರೋಗ.

ಕಳಿಸುವುದು ಕರ್ಲ್ ಅಲ್ಲ, ಯಾವುದೋ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಅಂದರೆ? ಆಗ ನೀವೇ ಸರ್ವರ್ ಆಗಿ. ಮ್ಯಾಕ್ ಅಥವಾ ಉಬುಂಟು ಲ್ಯಾಪ್‌ಟಾಪ್‌ನಲ್ಲಿ "ಎನ್‌ಸಿ -ಎಲ್ 8080" ಓಡಿಸಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ ಸರ್ವರ್ ವಿಳಾಸದ ಜಾಗಕ್ಕೆ ಲ್ಯಾಪ್‌ಟಾಪ್‌ನ ಐಪಿ ಮತ್ತು 8080 ಹಾಕಿ. ಎಚ್‌ಟಿಟಿಪಿಎಸ್ ಅಲ್ಲ, ಬರೀ ಎಚ್‌ಟಿಟಿಪಿ. ಒಂದು ಬಿಲ್ ಕಳಿಸಿ. ಕಳಿಸಿದ ಹೆಡರ್ ಎಲ್ಲ ಇದ್ದ ಹಾಗೇ ಪರದೆ ಮೇಲೆ ಬೀಳುತ್ತವೆ. ಎನ್‌ಸಿ ಉತ್ತರ ಕೊಡುವುದಿಲ್ಲ, ಹಾಗಾಗಿ ಆ ಕಡೆ ಸಾಫ್ಟ್‌ವೇರ್ ಕಾಯುತ್ತಾ ನಿಲ್ಲುತ್ತದೆ. ಗಾಬರಿ ಬೇಡ, ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ.

ಇಳಕಲ್‌ನ ಒಂದು ಸೀರೆ ಅಂಗಡಿಯ ಬಿಲ್ಲಿಂಗ್ ನಿಂತಾಗ ಹೀಗೇ ಹಿಡಿದೆವು. ಅವರ ಹಳೆಯ ಡಾಟ್‌ನೆಟ್ ಸಾಫ್ಟ್‌ವೇರ್ ಪ್ರತಿ ಪೋಸ್ಟ್‌ಗೂ "ಎಕ್ಸ್‌ಪೆಕ್ಟ್: 100-ಕಂಟಿನ್ಯೂ" ಅನ್ನುವ ಹೆಡರ್ ಸೇರಿಸುತ್ತಿತ್ತು. ಕೋಡ್‌ನಲ್ಲಿ ಯಾರೂ ಅದನ್ನು ಬರೆದಿರಲಿಲ್ಲ. ಡಾಟ್‌ನೆಟ್ ಫ್ರೇಮ್‌ವರ್ಕ್ ತಾನಾಗಿ ಹಾಕುತ್ತದೆ. ಮಧ್ಯದ ಒಂದು ಪ್ರಾಕ್ಸಿಗೆ ಅದು ಅರ್ಥವಾಗದೆ 417 ಕೊಡುತ್ತಿತ್ತು. ಕೋಡ್ ಓದಿ ಇದನ್ನು ಹುಡುಕಲು ಆಗುತ್ತಿರಲಿಲ್ಲ. ತಂತಿ ನೋಡಿದ್ದಕ್ಕೆ ಸಿಕ್ಕಿತು.

ಹೆಡರ್ ತೋರಿಸುವ ಸಾರ್ವಜನಿಕ ವೆಬ್‌ಸೈಟ್‌ಗಳೂ ಇವೆ. ನಿಜವಾದ ಟೋಕನ್ ಅಲ್ಲಿಗೆ ದಯವಿಟ್ಟು ಕಳಿಸಬೇಡಿ. ಒಮ್ಮೆ ಕಳಿಸಿದರೆ ಆ ಟೋಕನ್ ನಿಮ್ಮದಾಗಿ ಉಳಿಯಲಿಲ್ಲ ಅಂತಲೇ ತಿಳಿಯಿರಿ. ಸುಳ್ಳು ಟೋಕನ್ ಹಾಕಿ ನೋಡಿ.

## ಹಂತ 3: ಎರಡನ್ನೂ ಪಕ್ಕಪಕ್ಕ ಇಡಿ

ಓಡುವ ಕಂಪ್ಯೂಟರ್‌ನ ಹೆಡರ್ ಒಂದು ಫೈಲ್‌ನಲ್ಲಿ, ಓಡದ್ದರ ಹೆಡರ್ ಇನ್ನೊಂದು ಫೈಲ್‌ನಲ್ಲಿ. ಎರಡನ್ನೂ ಅಕ್ಷರ ಕ್ರಮದಲ್ಲಿ ಜೋಡಿಸಿ ಹೋಲಿಸಿ. ಬೇರೆ ಬೇರೆ ಹೆಸರಿನ ಹೆಡರ್‌ಗಳು ಹಿಂದೆ ಮುಂದೆ ಆದರೆ ಏನೂ ಆಗುವುದಿಲ್ಲ. ಯೂಸರ್-ಏಜೆಂಟ್, ಅಕ್ಸೆಪ್ಟ್-ಎನ್‌ಕೋಡಿಂಗ್ ಬೇರೆ ಇರುವುದೂ ಸಹಜ. ಅವನ್ನು ಪಟ್ಟಿಯ ಕೊನೆಗೆ ತಳ್ಳಿ, ಆದರೆ ಅಳಿಸಬೇಡಿ.

ಹೆಡರ್ ಹೆಸರಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಲೆಕ್ಕಕ್ಕಿಲ್ಲ. ಎಚ್‌ಟಿಟಿಪಿ 2ರಲ್ಲಂತೂ ಎಲ್ಲ ಹೆಸರೂ ಸಣ್ಣ ಅಕ್ಷರದಲ್ಲೇ ಹೋಗಬೇಕು. ಆದರೆ ನಿಮ್ಮ ಸರ್ವರ್ ಕೋಡ್ ಬರೆದವರು ದೊಡ್ಡ ಅಕ್ಷರದ ಹೆಸರನ್ನೇ ಹುಡುಕುತ್ತಿದ್ದರೆ ತೊಂದರೆ. ಒಂದು ಕಂಪ್ಯೂಟರ್‌ನ ಕರ್ಲ್ ಎಚ್‌ಟಿಟಿಪಿ 2ರಲ್ಲಿ ಮಾತಾಡುತ್ತದೆ, ಇನ್ನೊಂದರದ್ದು 1.1ರಲ್ಲಿ. ಒಂದಕ್ಕೆ ಕೀ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ. "ಕರ್ಲ್ --ವರ್ಷನ್" ಹೊಡೆದು ಕೊನೆಯ ಸಾಲಿನಲ್ಲಿ ಎಚ್‌ಟಿಟಿಪಿ2 ಇದೆಯಾ ನೋಡಿ. ಅನುಮಾನ ಇದ್ದರೆ ಎರಡೂ ಕಡೆ --ಎಚ್‌ಟಿಟಿಪಿ1.1 ಹಾಕಿ ಮತ್ತೆ ಹೋಲಿಸಿ.

ವ್ಯತ್ಯಾಸ ಸಿಕ್ಕ ಮೇಲೆ ಒಂದು ಸಲಕ್ಕೆ ಒಂದೇ ಬದಲಾಯಿಸಿ. ಎರಡು ಒಟ್ಟಿಗೆ ಬದಲಾಯಿಸಿ 200 ಬಂದರೆ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ. ಮುಂದಿನ ಹಂಗಾಮಿಗೆ ಅದೇ ಫೋನ್ ಮತ್ತೆ ಬರುತ್ತದೆ.

## ಹಂತ 4: ಕೋಟ್ ಚಿಹ್ನೆ ಪರೀಕ್ಷಿಸಿ

ಲಿನಕ್ಸ್‌ಗೆ ಬರೆದ ಆಜ್ಞೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೇಸ್ಟ್ ಮಾಡುತ್ತಾರೆ. ಕಮಾಂಡ್ ಪ್ರಾಂಪ್ಟ್‌ಗೆ ಒಂಟಿ ಕೋಟ್ ಅಂದರೆ ಕೋಟೇ ಅಲ್ಲ, ಸಾದಾ ಅಕ್ಷರ. ಹಾಗಾಗಿ 'ಆಥರೈಸೇಶನ್: ಬೇರರ್ ಟೋಕನ್' ಮೂರು ತುಂಡಾಗುತ್ತದೆ. ಮೊದಲ ತುಂಡು ಬೆಲೆ ಇಲ್ಲದ ಹೆಡರ್ ಆಗಿ ಬಿದ್ದುಹೋಗುತ್ತದೆ. ಉಳಿದ ಎರಡು ತುಂಡನ್ನು ಕರ್ಲ್ ವೆಬ್ ವಿಳಾಸ ಅಂದುಕೊಳ್ಳುತ್ತದೆ.

ಲಕ್ಷಣ ಬಹಳ ಸ್ಪಷ್ಟ: "ಕುಡ್ ನಾಟ್ ರಿಸಾಲ್ವ್ ಹೋಸ್ಟ್: ಬೇರರ್" ಅನ್ನುವ ಸಾಲು ಮೇಲೆ, 401 ಕೆಳಗೆ. ಎಲ್ಲರೂ ಕೊನೆಯ 401 ಮಾತ್ರ ಓದುತ್ತಾರೆ. ಮೇಲಿನ ಸಾಲು ಓದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಯಾವಾಗಲೂ ಜೋಡಿ ಕೋಟ್ ಹಾಕಿ.

ಪವರ್‌ಶೆಲ್, ಬ್ಯಾಶ್ ಎರಡರಲ್ಲೂ ಜೋಡಿ ಕೋಟ್ ಒಳಗೆ "$" ಬಂದರೆ ಅದನ್ನು ವೇರಿಯಬಲ್ ಅಂತ ತಿಳಿದು ನುಂಗಿಬಿಡುತ್ತವೆ. ಕೀ ಒಳಗೆ "$" ಇದ್ದರೆ ಅಲ್ಲಿ ಒಂಟಿ ಕೋಟ್ ಬೇಕು. ಅಂದರೆ ಕಮಾಂಡ್ ಪ್ರಾಂಪ್ಟ್‌ಗೆ ತದ್ವಿರುದ್ಧ. ಬ್ಯಾಚ್ ಫೈಲ್‌ನಲ್ಲಿ "%" ಇದ್ದರೆ ಎರಡು ಸಲ ಬರೆಯಬೇಕು.

ಮ್ಯಾಕ್‌ನ ನೋಟ್ಸ್ ಅಥವಾ ವರ್ಡ್‌ನಲ್ಲಿ ಇಟ್ಟ ಆಜ್ಞೆ ಇನ್ನೊಂದು ಅಪಾಯ. ನೇರ ಕೋಟ್ ಬಾಗಿದ ಕೋಟ್ ಆಗುತ್ತದೆ. ಎರಡು ಹೈಫನ್ ಸೇರಿ ಉದ್ದ ಗೆರೆ ಆಗುತ್ತದೆ. ನಮ್ಮ ಆಫೀಸಿನಲ್ಲಿ ಈಗ ಒಂದೇ ನಿಯಮ: ಆಜ್ಞೆಯನ್ನು ಟೆಕ್ಸ್ಟ್ ಫೈಲ್ ಆಗಿಯೇ ಕಳಿಸಬೇಕು.

ಬ್ರೌಸರ್‌ನಿಂದ ನಕಲು ಮಾಡುವವರಿಗೆ ಒಂದು ಮಾತು. ವಿಂಡೋಸ್ ಕ್ರೋಮ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ "ಕಾಪಿ ಆ್ಯಸ್ ಕರ್ಲ್" ಎರಡು ಥರ ಇದೆ, ಸಿಎಂಡಿ ಮತ್ತು ಬ್ಯಾಶ್. ಯಾವ ಕಿಟಕಿಯಲ್ಲಿ ಪೇಸ್ಟ್ ಮಾಡುತ್ತೀರೋ ಅದನ್ನೇ ಆರಿಸಿ.

## ಹಂತ 5: ಕಾಣದ ಅಕ್ಷರಗಳನ್ನು ಎಣಿಸಿ

ನಾನು ಜಾಸ್ತಿ ಸಮಯ ಕಳೆದದ್ದು ಇಲ್ಲೇ. ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇನೆ.

ಟೋಕನ್ ಅನ್ನು ಒಂದು ಫೈಲ್‌ನಲ್ಲಿ ಇಟ್ಟು, ಅಲ್ಲಿಂದ ಓದಿ ಹೆಡರ್‌ಗೆ ಹಾಕುವುದು ಒಳ್ಳೆಯ ಅಭ್ಯಾಸ. ಆದರೆ ಆ ಫೈಲ್‌ನಲ್ಲಿ ಟೋಕನ್ ಜೊತೆ ಇನ್ನೇನೋ ಸೇರಿಕೊಂಡಿರುತ್ತದೆ. ತೆರೆದು ನೋಡಿದರೆ ಕಾಣುವುದಿಲ್ಲ. ಫೈಲ್‌ನ ಗಾತ್ರ ನೋಡಿದರೆ ಕಾಣುತ್ತದೆ. ಲಿನಕ್ಸ್, ಮ್ಯಾಕ್‌ನಲ್ಲಿ "ಡಬ್ಲ್ಯೂಸಿ -ಸಿ", ವಿಂಡೋಸ್‌ನಲ್ಲಿ "ಡಿಐಆರ್" ಹೊಡೆಯಿರಿ. ವಿಂಡೋಸ್‌ನ ಪ್ರಾಪರ್ಟೀಸ್ ಕಿಟಕಿಯಲ್ಲಿ ನೋಡುವುದಾದರೆ "ಸೈಜ್" ನೋಡಿ, "ಸೈಜ್ ಆನ್ ಡಿಸ್ಕ್" ಅಲ್ಲ.

ನಿಮ್ಮ ಟೋಕನ್ 40 ಅಕ್ಷರ ಇದೆ ಅಂದುಕೊಳ್ಳಿ. ಫೈಲ್ 40 ಬೈಟ್ ಇದ್ದರೆ ಶುದ್ಧ. 41 ಇದ್ದರೆ ಕೊನೆಗೆ ಲಿನಕ್ಸ್ ಶೈಲಿಯ ಹೊಸ ಸಾಲು ಸೇರಿದೆ. 42 ಇದ್ದರೆ ವಿಂಡೋಸ್ ಶೈಲಿಯ ಹೊಸ ಸಾಲು. ಅದಕ್ಕೆ ಎರಡು ಬೈಟ್ ಬೇಕು. 43 ಇದ್ದರೆ ಯಾರೋ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಕೋ ಹೊಡೆದು ">" ಮೂಲಕ ಫೈಲ್ ಮಾಡಿದ್ದಾರೆ. ">" ಮುಂಚಿನ ಸ್ಪೇಸ್ ಕೂಡ ಒಳಗೆ ಹೋಗಿದೆ. 45 ಇದ್ದರೆ ಮುಂದೆ ಎನ್‌ಕೋಡಿಂಗ್ ಯಾವುದು ಅಂತ ಹೇಳುವ ಮೂರು ಬೈಟ್‌ನ ಬಿಒಎಂ ಗುರುತು, ಹಿಂದೆ ಎರಡು ಬೈಟ್‌ನ ಹೊಸ ಸಾಲು. 86 ಇದ್ದರೆ ಪವರ್‌ಶೆಲ್ 5.1ರಲ್ಲಿ ">" ಬಳಸಿದ್ದಾರೆ. ಅದು ಯುಟಿಎಫ್-16ರಲ್ಲಿ ಉಳಿಸುತ್ತದೆ. ಪ್ರತಿ ಅಕ್ಷರಕ್ಕೂ ಎರಡು ಬೈಟ್, ಮುಂದೆ ಎರಡು ಬೈಟ್ ಗುರುತು, ಹಿಂದೆ ನಾಲ್ಕು. 2 ಮತ್ತು 80 ಮತ್ತು 4, ಒಟ್ಟು 86.

ಕಾಟಾ ಕೋಣೆಯ ಆ ಕಂಪ್ಯೂಟರ್‌ನಲ್ಲಿ ಇದ್ದದ್ದು 86. ಆಪರೇಟರ್ ಹುಡುಗನಿಗೆ ಫೋನ್‌ನಲ್ಲೇ ಹೇಳಿ ಡಿಐಆರ್ ಹೊಡೆಸಿದೆ. "ಎಂಬತ್ತಾರು ಐತ್ರಿ" ಅಂದ. ನೋಟ್‌ಪ್ಯಾಡ್ ತೆರೆದು, ಟೋಕನ್ ಹೊಸದಾಗಿ ಪೇಸ್ಟ್ ಮಾಡಿ, ಎಂಟರ್ ಒತ್ತದೆ, ಯುಟಿಎಫ್-8 ಆರಿಸಿ ಉಳಿಸು ಅಂದೆ. 40 ಆಯಿತು. ಮುಂದಿನ ಗಾಡಿಯ ತೂಕ ಸರ್ವರ್‌ಗೆ ಬಂತು.

ನೋಟ್‌ಪ್ಯಾಡ್ ವಿಷಯದಲ್ಲೂ ಎಚ್ಚರ ಇರಲಿ. ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ ಅದು ಬಿಒಎಂ ಇಲ್ಲದೆ ಯುಟಿಎಫ್-8ರಲ್ಲಿ ಉಳಿಸುತ್ತದೆ. ಅದಕ್ಕಿಂತ ಹಳೆಯದರಲ್ಲಿ ಯುಟಿಎಫ್-8 ಅಂತ ಆರಿಸಿದರೆ ಬಿಒಎಂ ಅಂಟುತ್ತದೆ. ಹಳೆಯ ಕಂಪ್ಯೂಟರ್‌ನಲ್ಲಿ ಆನ್ಸಿ ಆರಿಸಿ. ಟೋಕನ್‌ನಲ್ಲಿ ಇರುವುದು ಬರೀ ಇಂಗ್ಲಿಷ್ ಅಕ್ಷರ, ಅಂಕಿ ಅಷ್ಟೇ ಅಲ್ವಾ, ತೊಂದರೆ ಆಗುವುದಿಲ್ಲ.

ವಿಂಡೋಸ್‌ನಲ್ಲಿ ಮಾಡಿದ ಫೈಲ್ ಲಿನಕ್ಸ್‌ಗೆ ಹೋದಾಗ ಆಗುವುದು ಇನ್ನೂ ಸೂಕ್ಷ್ಮ. ಬ್ಯಾಶ್‌ನಲ್ಲಿ ಕ್ಯಾಟ್ ಮೂಲಕ ಫೈಲ್ ಓದಿ ವೇರಿಯಬಲ್‌ಗೆ ಹಾಕಿದರೆ ಬ್ಯಾಶ್ ಕೊನೆಯ 0ಎ ಅನ್ನು ತಾನೇ ತೆಗೆಯುತ್ತದೆ. 0ಡಿ ಅನ್ನು ತೆಗೆಯುವುದಿಲ್ಲ. ಅದು ಟೋಕನ್‌ನ ಬಾಲವಾಗಿ ಹೆಡರ್ ಒಳಗೆ ಹೋಗುತ್ತದೆ. ಪರದೆ ಮೇಲೆ ಏನೂ ಕಾಣುವುದಿಲ್ಲ. "ಕ್ಯಾಟ್ -ಇ" ಹೊಡೆಯಿರಿ, ಲಿನಕ್ಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ. ಸಾಲಿನ ಕೊನೆಗೆ "^ಎಂ$" ಕಂಡರೆ 0ಡಿ ಇದೆ. "ಟಿಆರ್ -ಡಿ" ಹಾಕಿ 0ಡಿ ತೆಗೆದು ಮತ್ತೆ ಉಳಿಸಿ.

ಕೆಲವು ಭಾಷೆಗಳು ಇದನ್ನು ಕಳಿಸುವ ಮುಂಚೆಯೇ ಹಿಡಿಯುತ್ತವೆ. ನೋಡ್.ಜೆಎಸ್ "ಇನ್ವ್ಯಾಲಿಡ್ ಕ್ಯಾರೆಕ್ಟರ್ ಇನ್ ಹೆಡರ್ ಕಂಟೆಂಟ್" ಅನ್ನುತ್ತದೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ "ಇನ್ವ್ಯಾಲಿಡ್ ಹೆಡರ್" ಅನ್ನುತ್ತದೆ. ಈ ಎರರ್ ಬಂದರೆ ಸಂತೋಷಪಡಿ. ಕಾರಣ ಕೈಗೇ ಸಿಕ್ಕಿದೆ.

ವೇರಿಯಬಲ್‌ನಿಂದ ಬರುವ ಕಸ ಕೂಡ ಇದೇ ಜಾತಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಸೆಟ್ ಹೊಡೆದು ಬೆಲೆಯ ಸುತ್ತ ಕೋಟ್ ಹಾಕಿದರೆ ಕೋಟೂ ಬೆಲೆಯ ಭಾಗವಾಗುತ್ತದೆ. "=" ಮುಂಚೆ ಸ್ಪೇಸ್ ಬಿಟ್ಟರೆ ಹೆಸರಿನ ಕೊನೆಗೇ ಸ್ಪೇಸ್ ಸೇರುತ್ತದೆ. ಲಿನಕ್ಸ್‌ನಲ್ಲಿ ವೇರಿಯಬಲ್ ಹೆಸರಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ, ವಿಂಡೋಸ್‌ನಲ್ಲಿ ಒಂದೇ. ವಿಂಡೋಸ್‌ನಲ್ಲಿ ಚೆನ್ನಾಗಿ ಓಡಿದ ಕೋಡ್ ಲಿನಕ್ಸ್‌ಗೆ ಹೋದ ಮೇಲೆ "ಬೇರರ್" ನಂತರ ಖಾಲಿ ಜಾಗ ಕಳಿಸುತ್ತಿದ್ದರೆ ಅಲ್ಲಿ ನೋಡಿ.

## ಹಂತ 6: ಬೇಸ್64 ಇದ್ದರೆ ಅದನ್ನು ಬಿಡಿಸಿ ನೋಡಿ

ಬೇಸಿಕ್ ಆಥರೈಸೇಶನ್ ಬಳಸುವವರಿಗೆ ಮಾತ್ರ ಈ ಹಂತ. ಅದರಲ್ಲಿ ಹೆಸರು, ಪಾಸ್‌ವರ್ಡ್ ಎರಡನ್ನೂ ಬೇಸ್64 ಅನ್ನುವ ರೂಪಕ್ಕೆ ತಿರುಗಿಸಿ (ಎನ್‌ಕೋಡ್ ಮಾಡಿ) ಹೆಡರ್‌ನಲ್ಲಿ ಕಳಿಸುತ್ತಾರೆ. ಕರ್ಲ್ ಇದ್ದರೆ -ಯು ಹಾಕಿ ಹೆಸರು, ಪಾಸ್‌ವರ್ಡ್ ಕೊಡಿ. ಹೆಡರ್ ಅದೇ ಮಾಡುತ್ತದೆ. ಕೈಯಿಂದ ಮಾಡುವಾಗಲೇ ಕೆಡುವುದು.

ಎಕೋ ಬಳಸಿದರೆ ಪಾಸ್‌ವರ್ಡ್ ಹಿಂದೆ ಹೊಸ ಸಾಲು ಸೇರಿ ಅದೂ ಎನ್‌ಕೋಡ್ ಆಗುತ್ತದೆ. ಕೊನೆಗೆ ದೊಡ್ಡ ಸಿ, ಸಣ್ಣ ಜಿ, ಎರಡು ಸಮ ಚಿಹ್ನೆ ಬಂದರೆ ಖಂಡಿತ ಅದೇ. ಉದ್ದ ಬೇರೆ ಇದ್ದಾಗ ಕೊನೆ ಬೇರೆ ಇರುತ್ತದೆ, ಹಾಗಾಗಿ ಬಿಡಿಸಿ ನೋಡುವುದೇ ಸರಿ. ಎಕೋ -ಎನ್ ಎಲ್ಲ ಕಡೆ ಒಂದೇ ಥರ ನಡೆಯುವುದಿಲ್ಲ. ಪ್ರಿಂಟ್‌ಎಫ್ ಬಳಸಿ.

ಲಿನಕ್ಸ್‌ನ ಬೇಸ್64 ಆಜ್ಞೆ 76 ಅಕ್ಷರಕ್ಕೆ ಸಾಲು ಮುರಿಯುತ್ತದೆ. ಮ್ಯಾಕ್‌ನದ್ದು ಮುರಿಯುವುದಿಲ್ಲ. 57 ಬೈಟ್ ಎನ್‌ಕೋಡ್ ಆದರೆ 76 ಅಕ್ಷರ. ಅಂದರೆ ಹೆಸರು, ಪಾಸ್‌ವರ್ಡ್, ಮಧ್ಯದ ":" ಸೇರಿ 57 ದಾಟಿದರೆ ಮಾತ್ರ ತೊಂದರೆ. ಚಿಕ್ಕ ಪಾಸ್‌ವರ್ಡ್‌ನಲ್ಲಿ ವರ್ಷಗಟ್ಟಲೆ ಓಡಿದ ಸ್ಕ್ರಿಪ್ಟ್ ಉದ್ದ ಕೀ ಬಂದ ದಿನ ನಿಲ್ಲುವುದು ಇದಕ್ಕೇ. ಲಿನಕ್ಸ್‌ನಲ್ಲಿ "-ಡಬ್ಲ್ಯೂ 0" ಸೇರಿಸಿ.

ಪವರ್‌ಶೆಲ್‌ನಲ್ಲಿ ಎನ್‌ಕೋಡ್ ಮಾಡುವಾಗ "ಯುನಿಕೋಡ್" ಅಂತ ಬರೆದರೆ ಅದು ಯುಟಿಎಫ್-16. ಬಂದ ಸಾಲಿನಲ್ಲಿ ಮಧ್ಯೆ ಮಧ್ಯೆ ದೊಡ್ಡ ಎ ಅಕ್ಷರ ಸಿಕ್ಕಾಪಟ್ಟೆ ಕಾಣುತ್ತದೆ. "ಯುಟಿಎಫ್8" ಅಂತ ಬರೆಯಿರಿ.

## ಹಂತ 7: ಗಡಿಯಾರ ಐದೂವರೆ ಗಂಟೆ ಸರಿದಿದೆಯಾ?

ಟೋಕನ್‌ಗೆ ಆಯುಷ್ಯ ಇದ್ದರೆ, ಇಲ್ಲವೇ ರಿಕ್ವೆಸ್ಟ್‌ಗೆ ಸಹಿ ಹಾಕಿ ಕಳಿಸುತ್ತಿದ್ದರೆ, ಗಡಿಯಾರ ನೋಡಲೇಬೇಕು. ಎಂಜಿನಿಯರಿಂಗ್ ಕಾಲೇಜು ಮುಗಿಸಿ ಬರುವ ಹುಡುಗರ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು ಎರಡೂ ಇರುವುದು ಜಾಸ್ತಿ. ವಿಂಡೋಸ್ ಯಂತ್ರದ ಗಡಿಯಾರದಲ್ಲಿ ಭಾರತದ ಸಮಯ ಇಡುತ್ತದೆ. ಲಿನಕ್ಸ್ ಅಲ್ಲೇ ಯುಟಿಸಿ ಇಡುತ್ತದೆ. ಉಬುಂಟುನಿಂದ ವಿಂಡೋಸ್‌ಗೆ ಬಂದ ಕೂಡಲೇ ಗಡಿಯಾರ 5 ಗಂಟೆ 30 ನಿಮಿಷ ಹಿಂದೆ ಇರುತ್ತದೆ. ಒಂದು ಗಂಟೆ ಆಯುಷ್ಯದ ಟೋಕನ್ ಅನ್ನು ಆ ಕಂಪ್ಯೂಟರ್ ಮಾಡಿದರೆ ಅದು ಹುಟ್ಟುವಾಗಲೇ ಅವಧಿ ಮುಗಿದಿರುತ್ತದೆ.

ಪರೀಕ್ಷೆ ಸುಲಭ. ಸರ್ವರ್ ಉತ್ತರದಲ್ಲಿ "ಡೇಟ್" ಹೆಡರ್ ಬರುತ್ತದೆ, ಜಿಎಂಟಿಯಲ್ಲಿ. ಅದಕ್ಕೆ ಐದೂವರೆ ಗಂಟೆ ಸೇರಿಸಿ. ನಿಮ್ಮ ಗಡಿಯಾರಕ್ಕೆ ಹೊಂದಬೇಕು. ಹೊಂದದಿದ್ದರೆ ವಿಂಡೋಸ್‌ನ ಸಮಯದ ಸೆಟ್ಟಿಂಗ್‌ನಲ್ಲಿ "ಸಿಂಕ್ ನೌ" ಒತ್ತಿ. ಉಬುಂಟುನಲ್ಲಿ "ಟೈಮ್‌ಡೇಟ್‌ಸಿಟಿಎಲ್" ಹೊಡೆದು ಸಮಯ ಹೊಂದಿಸುವ ಎನ್‌ಟಿಪಿ ಓಡುತ್ತಿದೆಯಾ ನೋಡಿ.

ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಒಂದರಿಂದ ತಾಪಮಾನ ಕಳಿಸುವ ಲಿನಕ್ಸ್ ಪೆಟ್ಟಿಗೆಯಲ್ಲಿ ಗಡಿಯಾರ ಸರಿ ಇತ್ತು, ಆದರೂ ಸಹಿ ಹೊಂದುತ್ತಿರಲಿಲ್ಲ. ನೋಡಿದರೆ ಅದರ ಭಾಷೆ ಕನ್ನಡಕ್ಕೆ ಇಟ್ಟಿದ್ದರು. ಡೇಟ್ ಆಜ್ಞೆ ವಾರದ ಹೆಸರು, ತಿಂಗಳ ಹೆಸರು ಎಲ್ಲ ಕನ್ನಡದಲ್ಲಿ ಕೊಡುತ್ತಿತ್ತು. ಅದೇ ಹೆಡರ್‌ಗೆ ಹೋಗುತ್ತಿತ್ತು. ಎಚ್‌ಟಿಟಿಪಿಯ ಡೇಟ್ ಹೆಡರ್‌ನಲ್ಲಿ ಇಂಗ್ಲಿಷ್ ಹೆಸರು, ಜಿಎಂಟಿ ಸಮಯ ಇರಬೇಕು. ದಯವಿಟ್ಟು ಇದಕ್ಕಾಗಿ ಇಡೀ ಕಂಪ್ಯೂಟರನ್ನು ಇಂಗ್ಲಿಷ್‌ಗೆ ತಿರುಗಿಸಬೇಡಿ. ಅಲ್ಲಿ ಕೆಲಸ ಮಾಡುವವರು ಕನ್ನಡದಲ್ಲಿ ಓದಲಿ ಅಂತಲೇ ಅದನ್ನು ಇಟ್ಟದ್ದು. ಆ ಒಂದು ಸಾಲಿನ ಮುಂದೆ ಮಾತ್ರ "ಎಲ್‌ಸಿ_ಆಲ್=ಸಿ" ಹಾಕಿದರೆ ಸಾಕು. ಎಲ್ಲವೂ ದೊಡ್ಡ ಅಕ್ಷರ.

## ಹಂತ 8: ಹೆಡರ್ ಹೆಸರಿನಲ್ಲಿ ಅಂಡರ್‌ಸ್ಕೋರ್ ಇದ್ದರೆ ತೆಗೆಯಿರಿ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ್ಯಪ್ ನೇರ ಓಡುತ್ತದೆ, ಕೀ ಸಿಗುತ್ತದೆ. ಸರ್ವರ್‌ಗೆ ಹಾಕಿದ ಮೇಲೆ ಕೀ ಮಾಯ. ಹೆಡರ್ ಹೆಸರು "ಎಕ್ಸ್_ಎಪಿಐ_ಕೀ" ಅಂತ ಇದೆಯಾ? ಎಂಜಿನ್‌ಎಕ್ಸ್ ಅಂಡರ್‌ಸ್ಕೋರ್ ಇರುವ ಹೆಡರ್ ಅನ್ನು ಸದ್ದಿಲ್ಲದೆ ಬಿಸಾಡುತ್ತದೆ. ಎರರ್ ಲಾಗ್ ಮಟ್ಟವನ್ನು "ಇನ್ಫೋ"ಗೆ ಏರಿಸಿದರೆ ಮಾತ್ರ ಕಾಣುತ್ತದೆ. ಹೈಫನ್ ಹಾಕಿ ಹೆಸರು ಬದಲಾಯಿಸಿ. ಎಂಜಿನ್‌ಎಕ್ಸ್‌ನಲ್ಲಿ ಅದನ್ನು ಒಪ್ಪಿಕೊಳ್ಳುವ ಸೆಟ್ಟಿಂಗ್ ಇದೆ, ಆದರೆ ಅದನ್ನು ತೆರೆಯಬೇಡಿ ಅಂತ ನನ್ನ ಸಲಹೆ. ಪೈಥಾನ್, ಪಿಎಚ್‌ಪಿ ಆ್ಯಪ್‌ಗಳ ಒಳಗೆ ಹೈಫನ್ನೂ ಅಂಡರ್‌ಸ್ಕೋರ್ ಆಗಿಯೇ ಕಾಣುತ್ತದೆ. ಆಗ ಎರಡು ಬೇರೆ ಹೆಡರ್ ಒಂದೇ ಹೆಸರಿಗೆ ಬಂದು ಕೂರುತ್ತವೆ.

## ಹಂತ 9: ದಾರಿ ಮಧ್ಯೆ ಯಾರಾದರೂ ಕೈ ಹಾಕುತ್ತಿದ್ದಾರಾ?

ಕಳಿಸಿದ್ದು ಸರಿ ಇದೆ, ಮುಟ್ಟಿದ್ದು ಸರಿ ಇಲ್ಲ ಅಂದರೆ ಮಧ್ಯೆ ನೋಡಬೇಕು.

ಮೊದಲು ರೀಡೈರೆಕ್ಟ್. ಎಚ್‌ಟಿಟಿಪಿ ವಿಳಾಸ ಕೊಟ್ಟು, ಅದು 301 ಕೊಟ್ಟು, ಬೇರೆ ಹೋಸ್ಟ್‌ಗೆ ಹೋದರೆ ಕರ್ಲ್ ಆಥರೈಸೇಶನ್ ಹೆಡರ್ ಬಿಟ್ಟುಹೋಗುತ್ತದೆ. ಇದು ನಿಮ್ಮ ಸುರಕ್ಷತೆಗೇ ಇರುವ ನಿಯಮ. ಕೊನೆಯ ವಿಳಾಸವನ್ನೇ ನೇರ ಬರೆಯಿರಿ.

ಎರಡನೆಯದು ಪ್ರಾಕ್ಸಿ. ವಿಂಡೋಸ್‌ನಲ್ಲಿ ಬ್ರೌಸರ್ ಮತ್ತು ಪವರ್‌ಶೆಲ್ 5.1 ಸಿಸ್ಟಂನ ಪ್ರಾಕ್ಸಿ ಸೆಟ್ಟಿಂಗ್ ಓದುತ್ತವೆ. ಕರ್ಲ್ ಅದನ್ನು ಓದುವುದಿಲ್ಲ, ಎನ್ವಿರಾನ್‌ಮೆಂಟ್ ವೇರಿಯಬಲ್ ಮಾತ್ರ ನೋಡುತ್ತದೆ. ಹಾಗಾಗಿ ಒಂದೇ ಕಂಪ್ಯೂಟರ್‌ನಲ್ಲಿ ಎರಡು ದಾರಿ. ಬ್ರೌಸರ್‌ನಲ್ಲಿ ಕೆಟ್ಟು ಕರ್ಲ್‌ನಲ್ಲಿ ಓಡಿದರೆ ಪ್ರಾಕ್ಸಿ ಮೇಲೆ ಅನುಮಾನ ಪಡಿ. ಸಿಒಆರ್‌ಎಸ್ (ಬೇರೆ ಸೈಟ್‌ನ ಸರ್ವರ್ ಕರೆಯುವಾಗ ಬ್ರೌಸರ್ ಪಾಲಿಸುವ ನಿಯಮ) ಮೇಲೂ: ಬ್ರೌಸರ್ ಮೊದಲು ಕಳಿಸುವ ಆಪ್ಷನ್ಸ್ ರಿಕ್ವೆಸ್ಟ್‌ನಲ್ಲಿ ಆಥರೈಸೇಶನ್ ಇರುವುದೇ ಇಲ್ಲ. ಸರ್ವರ್ ಅದಕ್ಕೂ ಟೋಕನ್ ಕೇಳಿದರೆ ಅಲ್ಲೇ ನಿಲ್ಲುತ್ತದೆ.

ಮೂರನೆಯದು ಪೈಥಾನ್‌ನ ರಿಕ್ವೆಸ್ಟ್ಸ್ ಬಳಸುವವರಿಗೆ. ಹೋಂ ಫೋಲ್ಡರ್‌ನಲ್ಲಿ ".ನೆಟ್‌ಆರ್‌ಸಿ" ಅನ್ನುವ ಫೈಲ್ ಇದ್ದು, ಅದರಲ್ಲಿ ಅದೇ ಹೋಸ್ಟ್ ಹೆಸರು ಇದ್ದರೆ, ನೀವು ಕೈಯಿಂದ ಕೊಟ್ಟ ಆಥರೈಸೇಶನ್ ಹೆಡರ್ ಅನ್ನು ರಿಕ್ವೆಸ್ಟ್ಸ್ ತೆಗೆದು, ಆ ಫೈಲ್‌ನ ಹೆಸರು, ಪಾಸ್‌ವರ್ಡ್‌ನಿಂದ ಮಾಡಿದ್ದನ್ನು ಹಾಕುತ್ತದೆ. ಕೋಡ್ ಒಂದೇ, ಟೋಕನ್ ಒಂದೇ, ಒಬ್ಬರ ಕಂಪ್ಯೂಟರ್‌ನಲ್ಲಿ ಮಾತ್ರ 401. ಆ ಫೈಲ್‌ನ ಹೆಸರು ತಾತ್ಕಾಲಿಕವಾಗಿ ಬದಲಾಯಿಸಿ ನೋಡಿ.

ಕೊನೆಗೆ ಸರ್ವರ್ ಕಡೆ. ಎಂಜಿನ್‌ಎಕ್ಸ್‌ನಲ್ಲಿ ಮೇಲಿನ ಸರ್ವರ್ ಬ್ಲಾಕ್‌ನಲ್ಲಿ ಬರೆದ "ಪ್ರಾಕ್ಸಿ_ಸೆಟ್_ಹೆಡರ್" ಸಾಲುಗಳು ಲೊಕೇಶನ್ ಒಳಗೆ ಅಂಥದ್ದೇ ಒಂದು ಸಾಲು ಬರೆದ ತಕ್ಷಣ ಅಲ್ಲಿಗೆ ಅನ್ವಯಿಸುವುದಿಲ್ಲ. ಒಂದು ಹೊಸ ಹೆಡರ್ ಸೇರಿಸಲು ಹೋಗಿ ಹೋಸ್ಟ್ ಹೆಡರ್ ಕಳೆದುಕೊಂಡವರು ಬಹಳ. ಲೊಕೇಶನ್ ಒಳಗೆ ಬರೆಯುವುದಾದರೆ ಎಲ್ಲವನ್ನೂ ಮತ್ತೆ ಬರೆಯಿರಿ. ಇನ್ನೊಂದು ವೆಬ್ ಸರ್ವರ್ ಅಪಾಚೆ, ಸಿಜಿಐಗೆ (ಅದು ಓಡಿಸುವ ಹೊರಗಿನ ಪ್ರೋಗ್ರಾಂಗೆ) ಆಥರೈಸೇಶನ್ ಹೆಡರ್ ದಾಟಿಸುವುದಿಲ್ಲ. "ಸಿಜಿಐಪಾಸ್‌ಆಥ್ ಆನ್" ಬೇಕು.

## ಹಂತ 10: ಹೆಡರ್ ಒಳಗೆ ಕನ್ನಡ ಕಳಿಸುತ್ತಿದ್ದರೆ

ಊರ ಹೆಸರು, ರೈತರ ಹೆಸರು ಕನ್ನಡದಲ್ಲಿ ಇರಬೇಕು, ಅದು ಸರಿ. ಆದರೆ ಅದನ್ನು ಬಾಡಿಯಲ್ಲಿ (ಹೆಡರ್ ನಂತರ ಬರುವ ಮುಖ್ಯ ಭಾಗದಲ್ಲಿ) ಯುಟಿಎಫ್-8 ಆಗಿ ಕಳಿಸಿ, ಹೆಡರ್‌ನಲ್ಲಿ ಬೇಡ. ಹೆಡರ್ ಒಳಗೆ ನೇರ ಕನ್ನಡ ಹಾಕಿದರೆ ಪೈಥಾನ್ "ಲ್ಯಾಟಿನ್-1" ಎರರ್ ಕೊಡುತ್ತದೆ, ನೋಡ್.ಜೆಎಸ್ ತಿರಸ್ಕರಿಸುತ್ತದೆ. ಹೆಡರ್‌ನಲ್ಲೇ ಬೇಕಾದರೆ ಪರ್ಸೆಂಟ್ ಎನ್‌ಕೋಡಿಂಗ್ ಮಾಡಿ. "ಇಂಡಿ" ಅನ್ನುವ ಊರ ಹೆಸರಿನಲ್ಲಿ ನಾಲ್ಕು ಯುನಿಕೋಡ್ ಗುರುತು, 12 ಬೈಟ್, ಎನ್‌ಕೋಡ್ ಆದ ಮೇಲೆ 36 ಅಕ್ಷರ. ಉದ್ದ ವಿಳಾಸ ತುಂಬಿಸುತ್ತಾ ಹೋದರೆ ಹೆಡರ್ ಮಿತಿ ಮುಟ್ಟುತ್ತದೆ. ಅಪಾಚೆಯಲ್ಲಿ ಒಂದು ಹೆಡರ್‌ಗೆ 8190 ಬೈಟ್ ಮಿತಿ, ಎಂಜಿನ್‌ಎಕ್ಸ್‌ನಲ್ಲಿ 8 ಕೆಬಿ.

## ಹಂತ 11: ಆದರೂ ಬಗೆಹರಿಯದಿದ್ದರೆ, ಹೀಗೆ ಕೇಳಿ

"ಹೆಡರ್ ಬರುತ್ತಿಲ್ಲ" ಅಂತ ಸ್ಕ್ರೀನ್‌ಶಾಟ್ ಕಳಿಸಿದರೆ ಯಾರಿಗೂ ಏನೂ ಹೇಳಲು ಆಗುವುದಿಲ್ಲ. ಓಡುವ ಕಂಪ್ಯೂಟರ್‌ನ ಟ್ರೇಸ್ ಫೈಲ್, ಓಡದ್ದರ ಟ್ರೇಸ್ ಫೈಲ್, ಎರಡನ್ನೂ ಟೆಕ್ಸ್ಟ್ ಆಗಿ ಕಳಿಸಿ. ಯಾವ ಓಎಸ್, ಯಾವ ಶೆಲ್, ಕರ್ಲ್‌ನ ಯಾವ ಆವೃತ್ತಿ, ರಿಕ್ವೆಸ್ಟ್ ಕಳಿಸಿದ ಸಮಯ ಸೆಕೆಂಡ್ ಸಮೇತ ಬರೆಯಿರಿ. ಸಮಯ ಇದ್ದರೆ ಸರ್ವರ್ ಲಾಗ್‌ನಲ್ಲಿ ಆ ಒಂದು ಸಾಲು ಹುಡುಕಬಹುದು.

ಕಳಿಸುವ ಮುಂಚೆ ಟೋಕನ್‌ನ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಬಿಟ್ಟು ಉಳಿದದ್ದನ್ನು ಅಷ್ಟೇ ಸಂಖ್ಯೆಯ "*" ಹಾಕಿ ಮುಚ್ಚಿ. ಟ್ರೇಸ್‌ನಲ್ಲಿ ಎಡಗಡೆಯ ಹೆಕ್ಸ್‌ನಲ್ಲೂ ಅದೇ ಟೋಕನ್ ಇರುತ್ತದೆ, ಅದನ್ನೂ ಮುಚ್ಚಿ. ಕೊನೆಯ ನಾಲ್ಕು ಅಕ್ಷರದ ನಂತರ ಇರುವ ಬೈಟ್‌ಗಳನ್ನು ಮಾತ್ರ ಹಾಗೇ ಬಿಡಿ, ಅಲ್ಲೇ 0ಡಿ ಇರುವುದು. ಬೇಸ್64 ನೋಡಲು ಗುಟ್ಟಿನ ಹಾಗೆ ಕಂಡರೂ ಯಾರು ಬೇಕಾದರೂ ಬಿಡಿಸಬಹುದು, ಹಾಗಾಗಿ ಬೇಸಿಕ್ ಹೆಡರ್ ಪೂರ್ತಿ ಮುಚ್ಚಿ. ಗಡಿಬಿಡಿಯಲ್ಲಿ ಟೋಕನ್ ಹಾಗೇ ಹೋಗಿದ್ದರೆ ಸಂಕೋಚ ಬೇಡ. ಸರ್ವರ್ ನೋಡಿಕೊಳ್ಳುವವರಿಗೆ ಅವತ್ತೇ ಹೇಳಿ, ಹೊಸ ಟೋಕನ್ ತೆಗೆದುಕೊಳ್ಳಿ, ಹಳೆಯದನ್ನು ರದ್ದು ಮಾಡಿಸಿ.